ಭಾವನ ಛಲಕ್ಕೆ ಹಾಕಿದ ಅಂಕ

ಆ ದಿನ ಶಿರಸಿಯ ನಮ್ಮ ಆಫೀಸಿನಲ್ಲಿ ಕುರ್ಚಿ ಸಾಲದೆ ಇಬ್ಬರು ಖಾಲಿ ಡೀಸೆಲ್ ಕ್ಯಾನುಗಳನ್ನು ಬೋರಲು ಹಾಕಿಕೊಂಡು ಕೂತಿದ್ದರು. ಮಳೆಗಾಲದಲ್ಲಿ ನಮ್ಮ ತಂತ್ರಜ್ಞರೆಲ್ಲ ಒಂದೇ ಕೋಣೆಯಲ್ಲಿ ಸೇರುವುದು ಅಪರೂಪ. ಎಲ್ಲಾದರೂ ಒಂದು ಟವರು ಕೈಕೊಟ್ಟೇ ಇರುತ್ತದೆ. ಅಂದು ಮಳೆ ಬಿಡುವು ಕೊಟ್ಟಿತ್ತು. ನನ್ನ ಮೇಜಿನ ಪರದೆಯ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನ ಮೊಬೈಲ್ ಟವರುಗಳು ಹಸಿರು ಚುಕ್ಕೆಗಳಾಗಿದ್ದವು.

ನಮ್ಮದು ಗುತ್ತಿಗೆ ಕಂಪನಿ. ಟವರು ಬೇರೆಯವರದು, ನೋಡಿಕೊಳ್ಳುವವರು ನಾವು. ಕರೆಂಟು ಹೋದರೆ ಜನರೇಟರಿಗೆ ಡೀಸೆಲ್ ಹಾಕಬೇಕು, ಬ್ಯಾಟರಿ ಬದಲಿಸಬೇಕು, ಇಲಿ ಕಡಿದ ಕೇಬಲ್ ಜೋಡಿಸಬೇಕು. ಹೋಗುವವರು ತಂತ್ರಜ್ಞರು. ಪರದೆ ನೋಡಿ ಕಳಿಸುವವನು, ಕಂಪ್ಯೂಟರಿನಲ್ಲಿ ಪ್ರತಿ ಕೆಲಸಕ್ಕೂ ಟಿಕೆಟ್ ಎಂಬ ದಾಖಲೆ ಮಾಡುವವನು ನಾನು. ಪಿಯುಸಿ ಓದಿದವನಿಗೆ ಊರಲ್ಲೇ ಸಿಕ್ಕಿದ ಕೆಲಸ.

ತಂತ್ರಜ್ಞರಲ್ಲಿ ಒಬ್ಬ ನನ್ನ ಭಾವ, ಅಕ್ಕನ ಗಂಡ. ಮನೆ ಹೇರೂರಿನ ಕಡೆ. ನನಗಿಂತ ದೊಡ್ಡವನಾದರೂ ನಮ್ಮದು ಹೋಗೋ ಬಾರೋ ಸಲಿಗೆ; ಅವನೂ ನನ್ನನ್ನು ಭಾವಾ ಎಂದೇ ಕರೆಯುತ್ತಿದ್ದ. ಸಿದ್ದಾಪುರದ ಕೆಲವು ಟವರುಗಳು ಅವನ ಪಾಲಿನವು. ಯಲ್ಲಾಪುರದ ಕಡೆ ಕೆಲವನ್ನು ನೋಡುತ್ತಿದ್ದವನು ಕೆಲಸ ಬಿಟ್ಟ ಮೇಲೆ, ಬೇರೆಯವರು ಸಿಗುವ ತನಕ ಎಂದು ಅವನ್ನೂ ಭಾವನ ತಲೆಗೇ ಕಟ್ಟಿದ್ದರು. ಹಿಂದೆ ಒಂದೊಂದು ತಾಲೂಕಿಗೆ ಒಂದು ಜೀಪು, ಒಬ್ಬೊಬ್ಬ ತಂತ್ರಜ್ಞನ ಜೊತೆಗೆ ಇನ್ನೊಬ್ಬ ಇರುತ್ತಿದ್ದ. ಹೋದ ವರ್ಷ ಜೀಪನ್ನೂ ಜೊತೆಗಾರನನ್ನೂ ತೆಗೆದು, ಬೈಕಿಗೆ ಪೆಟ್ರೋಲ್ ಕೊಡುತ್ತೇವೆ ಅಂದರು. ಅಲ್ಲಿಂದ ಈಚೆಗೆ ಎಲ್ಲ ಟವರಿಗೂ ಒಬ್ಬೊಬ್ಬರೇ.

ಅಂದು ಎಲ್ಲರನ್ನೂ ಕರೆಸಿದ್ದು ಒಂದು ಮಾಪನಕ್ಕೆ. ನೌಕರರಲ್ಲಿ ಛಲ ಎಷ್ಟಿದೆ, ಕಷ್ಟ ಬಂದರೆ ಚೇತರಿಸಿಕೊಳ್ಳುವ ಶಕ್ತಿ ಎಷ್ಟಿದೆ, ಕೆಲಸದಲ್ಲಿ ಮನಸ್ಸು ಎಷ್ಟು ತೊಡಗಿದೆ ಎಂದು ಅಳೆಯುವ ಪ್ರಶ್ನಾವಳಿ. ಅದನ್ನು ತಂದವರು ಬೆಂಗಳೂರಿನಿಂದ ಬಂದ ಒಬ್ಬ ಸಂಶೋಧಕಿ. ಎರಡು ವಾರ ಮೊದಲೇ ಇಂಗ್ಲಿಷ್ ವಾಕ್ಯಗಳನ್ನು ಫೋನಿನಲ್ಲಿ ಒಂದೊಂದಾಗಿ ವಿವರಿಸಿ ನನ್ನಿಂದ ಕನ್ನಡ ಮಾಡಿಸಿದ್ದರು. ನಾನು ಮಾಡಿದ ಕನ್ನಡವನ್ನು ಇನ್ನೊಬ್ಬರಿಂದ ತಿರುಗಿ ಇಂಗ್ಲಿಷ್ ಮಾಡಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟು, ಎಲ್ಲಿ ಅರ್ಥ ಜಾರಿದೆ ಎಂದು ಗುರುತು ಹಾಕಿ ಕಳಿಸಿದ್ದರು. ಅಷ್ಟು ಶ್ರದ್ಧೆಯವರು. ಚೇತರಿಕೆಗೆ ಅವರು ಕೊಟ್ಟ ಪದ ಸ್ಥಿತಿಸ್ಥಾಪಕತ್ವ. ಅದು ವಿಜ್ಞಾನ ಪಾಠದಲ್ಲಿ ಸ್ಪ್ರಿಂಗಿಗೆ ಹೇಳುವ ಮಾತು, ಮನುಷ್ಯರಿಗೆ ಬೇಡ ಎಂದು ನಾನು 'ಬಿದ್ದರೂ ಎದ್ದು ನಿಲ್ಲುವ ಗುಣ' ಎಂದು ಬರೆದೆ. ಅವರು ಒಪ್ಪಿದರು.

ಓದಿ ಹೇಳುವ ಕೆಲಸವೂ ನನ್ನದೇ. ಮೊದಲಿಗೆ ಒಂದು ಭರವಸೆ ಓದಬೇಕಿತ್ತು: "ನಿಮ್ಮ ಉತ್ತರಗಳು ಗುಟ್ಟಾಗಿರುತ್ತವೆ. ಕಂಪನಿಗೆ ಇಡೀ ತಂಡದ ಸರಾಸರಿ ಮಾತ್ರ ಹೋಗುತ್ತದೆ. ಒಬ್ಬೊಬ್ಬರ ಅಂಕವನ್ನು ಯಾವ ನಿರ್ಧಾರಕ್ಕೂ ಬಳಸುವುದಿಲ್ಲ." ಹಾಳೆಯ ಮೇಲೆ ಹೆಸರಿಲ್ಲ, ನೌಕರ ಸಂಖ್ಯೆ ಮಾತ್ರ. ಮುಂದೆ ಎರಡನೆಯ ಸಲ ಕೇಳಿದಾಗ ಹೋಲಿಸಿ ನೋಡಲು ಆ ಸಂಖ್ಯೆ ಬೇಕು ಎಂದರು ಸಂಶೋಧಕಿ.

ಪ್ರತಿ ವಾಕ್ಯಕ್ಕೂ ಐದು ಉತ್ತರ. ಸ್ವಲ್ಪವೂ ಒಪ್ಪುವುದಿಲ್ಲ ಎಂದರೆ ಒಂದು, ಪೂರ್ತಿ ಒಪ್ಪುತ್ತೇನೆ ಎಂದರೆ ಐದು. ಭಾವನ ಬಲಗೈ ಬೆರಳು ಜನರೇಟರಿನ ಬೆಲ್ಟಿಗೆ ಸಿಕ್ಕಿತ್ತು, ಬಟ್ಟೆ ಕಟ್ಟಿಕೊಂಡಿದ್ದ. ಅವನ ಹಾಳೆಗೆ ಗುರುತು ಹಾಕಿದವನು ನಾನು.

"ಬಿದ್ದರೂ ಬೇಗ ಎದ್ದು ನಿಲ್ಲುತ್ತೇನೆ," ಎಂದು ಓದಿದೆ.

"ಎಲ್ಲಿಂದ ಬಿದ್ರೆ ಭಾವಾ?" ಎಂದ ಅವನು. "ಟವರಿಂದ್ಲಾ, ಬೈಕಿಂದ್ಲಾ? ಅದ್ನ ಬರದ್ದೇ ಇಲ್ಲೆ."

ಗುಡ್ನಾಪುರದ ಕಡೆಯಿಂದ ಬರುವ ಹಿರಿಯ ತಂತ್ರಜ್ಞ ಕ್ಯಾನಿನ ಮೇಲಿಂದಲೇ ಭಾವನತ್ತ ಕೂಗಿದರು: "ಭಟ್ರ ಮೊದ್ಲ ಬಿದ್ದ ತೋರಿಸ್ರಿ, ಆಮೇಲೆ ನಾವು ಅಂಕ ಕೊಡ್ತೀವಿ."

ಸಂಶೋಧಕಿಯೂ ನಕ್ಕರು. "ಇವರು ಪ್ರತಿಯೊಂದಕ್ಕೂ 'ಅಡ್ಡಿಲ್ಲೆ' ಅಂತಾರಲ್ಲ, ಅದನ್ನ ಎಲ್ಲಿ ಹಾಕೋದು?" ಎಂದು ನನ್ನನ್ನು ಕೇಳಿದರು. ನಮ್ಮ ಕಡೆ ಊಟ ಹೇಗಿದೆ ಎಂದರೂ ಅಡ್ಡಿಲ್ಲೆ, ಜ್ವರ ಹೇಗಿದೆ ಎಂದರೂ ಅಡ್ಡಿಲ್ಲೆ. ಇನ್ನೊಮ್ಮೆ ಕೇಳಬೇಕು ಎಂದೆ.

ಕೆಲವು ವಾಕ್ಯಗಳು ಉಲ್ಟಾ ಇರುತ್ತವೆ. ಎಲ್ಲದಕ್ಕೂ ಕಣ್ಣು ಮುಚ್ಚಿ ಐದು ಹಾಕುವವರನ್ನು ಹಿಡಿಯಲು ಹಾಗೆ ಇಡುತ್ತಾರಂತೆ. ಅವಕ್ಕೆ ಒಪ್ಪದಿದ್ದರೇ ಹೆಚ್ಚು ಅಂಕ. ಬಂದ ಉತ್ತರವನ್ನು ಆರರಿಂದ ಕಳೆಯಬೇಕು. ಅಂಥ ಒಂದು ವಾಕ್ಯ ಹೀಗಿತ್ತು: "ಕೆಲಸ ಕಷ್ಟವೆನಿಸಿದರೆ ಬೇರೆಯವರ ಸಹಾಯ ಬರುವ ತನಕ ಕಾಯುತ್ತೇನೆ."

ಭಾವ ಸುತ್ತ ನೋಡಿದ. "ಕಾಯೂಲೆ ಯಾರಿದ್ದ ಮಾರಾಯಾ? ಜೀಪೂ ಇಲ್ಲೆ, ಜನಾನೂ ಇಲ್ಲೆ. ಆನೇ ಕಾಯಕ್ಕು, ಆನೇ ಬರಕ್ಕು."

ಕಾಯುವವನೂ ತಾನೇ, ಬರುವವನೂ ತಾನೇ ಎಂಬ ಮಾತಿಗೆ ಕೋಣೆಗೆ ಕೋಣೆಯೇ ನಕ್ಕಿತು. ಬಾಗಿಲಲ್ಲಿ ನಿಂತಿದ್ದ ನಮ್ಮ ಏರಿಯಾ ಮ್ಯಾನೇಜರೂ ನಕ್ಕರು. ನಾನು 'ಸ್ವಲ್ಪವೂ ಒಪ್ಪುವುದಿಲ್ಲ' ಎಂಬಲ್ಲಿ ಗುರುತು ಹಾಕಿದೆ. ಸಂಜೆ ಅಂಕಗಳನ್ನು ಕಂಪ್ಯೂಟರಿಗೆ ತುಂಬುವಾಗ ಒಂದನ್ನು ಆರರಿಂದ ಕಳೆದು ಐದು ಮಾಡಿದೆ. "ಯಾರೂ ಹೇಳದಿದ್ದರೂ ಆಗಬೇಕಾದ ಕೆಲಸಕ್ಕೆ ನಾನೇ ಹೊರಡುತ್ತೇನೆ" ಎಂಬುದಕ್ಕೂ ಅವನದು ಐದು. ಛಲದ ಭಾಗದಲ್ಲಿ ಇಡೀ ತಂಡಕ್ಕೆ ಅವನದೇ ಹೆಚ್ಚು.

ಅಷ್ಟು ಹೊತ್ತಿಗೆ ಅವನು ಯಲ್ಲಾಪುರಕ್ಕೆ ಹೊರಟಾಗಿತ್ತು. ಮೆಟ್ಟಿಲಲ್ಲಿ ನಿಂತು, "ಪಾಸೋ ಫೇಲೋ ನಿನ್ನ ಅಕ್ಕಂಗೆ ಹೇಳಿಕ್ಕಡ ಮತೆ," ಎಂದು ಬೇಡ ಎನ್ನುವಂತೆ ಕೈಯಾಡಿಸಿದ್ದ.

ಮಾರನೆಯ ದಿನ ಮಧ್ಯಾಹ್ನ ಗಾಳಿ ಎದ್ದಿತು. ಯಲ್ಲಾಪುರದ ಆಚೆ ಗುಡ್ಡದ ಮೇಲಿನ ಟವರು ಕೆಂಪಾಯಿತು. ನಾನು ಫೋನ್ ತೆಗೆಯುವುದರೊಳಗೆ ಭಾವನದೇ ಬಂತು. ಊರವರು ಕಂಪನಿಯ ನಂಬರಿಗೆ ಮಾಡುವುದಿಲ್ಲ. ಸಿಗ್ನಲ್ ಹೋದರೆ ಪಕ್ಕದ ಏರಿನ ತನಕ ಬಂದು ನೇರ ತಂತ್ರಜ್ಞನಿಗೇ ಮಾಡುತ್ತಾರೆ.

"ಗುಡ್ಡದ್ದು ಕೆಂಪಾಜ?"

"ಆಜು."

"ಆನು ಹೊಂಟೆ. ಟಿಕೆಟ್ ಆಮೇಲೆ ಮಾಡು."

ಇದನ್ನು ವಿವರಿಸಬೇಕು, ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಟವರು ಎಷ್ಟು ಹೊತ್ತು ಕೆಟ್ಟಿತ್ತು ಎಂಬ ಲೆಕ್ಕ ನಮ್ಮಲ್ಲಿ ಟಿಕೆಟ್ ಮಾಡಿದಾಗಿನಿಂದ ಶುರುವಾಗುತ್ತದೆ. ಹಾಗಾಗಿ ತಂತ್ರಜ್ಞ ಮೊದಲು ಹೋಗಿ, ಕೆಲಸ ಹಿಡಿದು, ಇನ್ನೇನು ಸರಿಯಾಗುತ್ತದೆ ಎನ್ನುವಾಗ ಟಿಕೆಟ್ ಮಾಡುವುದು. ಆಗ ಕೆಟ್ಟ ಹೊತ್ತು ಕಾಗದದ ಮೇಲೆ ತೀರ ಕಡಿಮೆ, ಟವರಿನವರು ಕಂಪನಿಗೆ ಹಾಕುವ ದಂಡವೂ ಕಡಿಮೆ. ಇದನ್ನು ಕಂಡುಹಿಡಿದವರು ನಾವಲ್ಲ. ಏರಿಯಾ ಮ್ಯಾನೇಜರು ಪ್ರತಿ ತಿಂಗಳ ಸಭೆಯಲ್ಲಿ ಹೇಳುತ್ತಿದ್ದ ಮಾತು: "ಮೊದಲು ಹೋಗಿ, ಟಿಕೆಟ್ ಓಡಿ ಹೋಗಲ್ಲ." ಬಾಯಲ್ಲಿ ಹೇಳುತ್ತಿದ್ದರು, ಎಲ್ಲೂ ಬರೆಯುತ್ತಿರಲಿಲ್ಲ.

ಚುಕ್ಕೆ ಹಸಿರಾಗಲಿಲ್ಲ. ಆ ಗುಡ್ಡಕ್ಕೆ ಫೋನ್ ಹೋಗುವುದೂ ಸಾಧ್ಯವಿರಲಿಲ್ಲ. ಅಲ್ಲಿ ಸಿಗ್ನಲ್ ಕೊಡುವುದು ಅದೇ ಟವರು. ಸಂಜೆಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಗುಡ್ಡದ ಕೆಳಗಿನ ಊರಿನವರು, ಪಕ್ಕದ ಏರಿಗೆ ಬಂದು ಮಾಡಿದ್ದರು. "ನಿಮ್ಮ ಜನ ಹತ್ತಿ ಹೋಗಿ ಹೊತ್ತಾಯ್ತು, ಸಿಗ್ನಲ್ ಬರ್ಲಿಲ್ಲ ಅಂತ ನೋಡೋಕ್ ಹೋದ್ವಿ. ಪೆಟ್ಟಿಗೆ ಹತ್ರ ಬಿದ್ದಿದಾರೆ." ಕರೆಂಟಿನಿಂದ ಜನರೇಟರಿಗೆ ಬದಲಿಸುವ ಸ್ವಿಚ್ಚಿನ ಪೆಟ್ಟಿಗೆ ಅದು. ಒಳಗೆ ನೀರಿಳಿದು, ಮುಟ್ಟಿದವನಿಗೆ ಕರೆಂಟು ಹೊಡೆದಿತ್ತು. ಅದರ ಬಾಗಿಲಿನ ರಬ್ಬರು ಹರಿದಿದೆ ಎಂದು ಭಾವ ಹೇಳಿ ಬಹಳ ದಿನವಾಗಿತ್ತು.

ನಾನು ಶಿರಸಿಯಿಂದ ಯಲ್ಲಾಪುರದ ಆಸ್ಪತ್ರೆ ತಲುಪಿದಾಗ ಎಲ್ಲ ಮುಗಿದಿತ್ತು. ಡಾಕ್ಟರು ಮೊದಲು ಕೇಳಿದ್ದು ಒಂದೇ: "ಜೊತೆಗೆ ಯಾರೂ ಇರಲಿಲ್ವಾ?"

ಛಲ, ಚೇತರಿಕೆ, ತೊಡಗುವಿಕೆ ಎಂದು ಅಷ್ಟು ವಾಕ್ಯ ಓದಿದ್ದೆನಲ್ಲ, ಅದರಲ್ಲಿ ಈ ಪ್ರಶ್ನೆ ಇರಲಿಲ್ಲ.

ಹದಿನಾಲ್ಕನೆಯ ದಿನದ ಕಾರ್ಯ ಕಳೆದು ಕೆಲಸಕ್ಕೆ ಹೋದೆ. ಕೆಲವು ದಿನಗಳ ಮೇಲೆ ಅಕ್ಕ ಫೋನ್ ಮಾಡಿ ಬರಹೇಳಿದಳು. ಕಂಪನಿಯವರು ಘಟನೆಯ ವರದಿಯ ಪ್ರತಿ ಕಳಿಸಿದ್ದರು. ಅಕ್ಕ ಅದನ್ನು ಮಡಿಸಿರಲಿಲ್ಲ. ಹಾಸಿದಂತೆ ಇಟ್ಟಿದ್ದಳು.

"ಅವು ತಾವಾಗೇ ಹೋದ್ವಡ. ಓದು," ಎಂದಳು ಗಂಡನನ್ನು ಕುರಿತು.

ವರದಿ ಬರೆದವರು ಏರಿಯಾ ಮ್ಯಾನೇಜರು. ಆ ದಿನ ಆ ಟವರಿಗೆ ಟಿಕೆಟ್ ಇರಲಿಲ್ಲ ಎಂದಿತ್ತು. ಆಮೇಲೆ ಈ ಸಾಲು: "ಮೃತರು ಸ್ವಭಾವತಃ ಯಾರ ಸೂಚನೆಗೂ ಸಹಾಯಕ್ಕೂ ಕಾಯದೆ ಕೆಲಸಕ್ಕೆ ಹೊರಡುವವರು ಎಂಬುದು ಹಿಂದಿನ ದಿನವಷ್ಟೇ ನಡೆದ ಮಾನಸಿಕ ಮಾಪನದಿಂದ ತಿಳಿಯುತ್ತದೆ. ಘಟನೆಯ ದಿನವೂ ಸ್ವಇಚ್ಛೆಯಿಂದ ಹೋಗಿರುತ್ತಾರೆ."

"ಗುರುತು ಹಾಕಿದವ ನೀನಡ, ಹೌದಾ?" ಅಕ್ಕ ಕೇಳಿದಳು.

"ಹೌದು."

"ಅವು ಹಂಗೆ ಹೇಳಿದ್ವಾ? ಆನು ಯಾರಿಗೂ ಕಾಯ್ತ್ನಿಲ್ಲೆ ಹೇಳಿ?"

ಅವನು ಹೇಳಿದ್ದನ್ನು ಹೇಳಿದ್ದ ಹಾಗೆಯೇ ಹೇಳಿದೆ. ಅಕ್ಕ ಅಳಲಿಲ್ಲ. "ಹಂಗಾರೆ ಈ ಸಾಲು ತೆಗಸು," ಎಂದಳು. "ಬೇರೆ ಎಂತದೂ ಬ್ಯಾಡ ನಂಗೆ. ಅವರ ಸಾವಿಗೆ ಅವರ ಗುಣವೇ ಕಾರಣ ಹೇಳಿ ಬರದ್ದು ಈ ಮನೇಲಿ ಇಪ್ಪುಲಾಗ."

ಮರುದಿನ ಮ್ಯಾನೇಜರ ಮುಂದೆ ನಿಂತೆ. ಅಂಕ ಎಲ್ಲಿಂದ ಸಿಕ್ಕಿತು ಎಂದು ಕೇಳಿದೆ.

"ನಮ್ಮ ಆಫೀಸಿನ ಕಂಪ್ಯೂಟರಪ್ಪಾ. ನೌಕರ ಸಂಖ್ಯೆ ನಂಗೊತ್ತಿಲ್ವಾ?"

"ಯಾರ ಅಂಕವನ್ನೂ ಕಂಪನಿಗೆ ಕೊಡೋದಿಲ್ಲ ಅಂತ ನಾನು ಎಲ್ಲರ ಮುಂದೆ ಓದಿದ್ದೆ ಸರ್."

"ನೀನು ಓದಿದ್ದು. ನಾನಲ್ಲ." ಆಮೇಲೆ ದನಿ ತಗ್ಗಿಸಿದರು. "ನೋಡು, ನಾನು ಕೆಟ್ಟದ್ದೇನು ಬರೆದಿದೀನಿ? ಛಲಗಾರ ಅಂತ ಹೊಗಳಿದೀನಿ."

ನನಗೆ ಸಿಟ್ಟು ಬಂದದ್ದು ಆ ಹೊಗಳಿಕೆಗೆ. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಜೊತೆಗಾರನನ್ನು ಕಿತ್ತುಕೊಂಡವರು, ಒಬ್ಬನೇ ಹೋದದ್ದಕ್ಕೆ ಅವನಿಗೆ ಐದಕ್ಕೆ ಐದು ಕೊಡುತ್ತಿದ್ದರು. ಟಿಕೆಟ್ ಆಮೇಲೆ ಮಾಡಿ ಎಂದ ಬಾಯಿಯೇ ಟಿಕೆಟ್ ಇರಲಿಲ್ಲ ಎನ್ನುತ್ತಿತ್ತು. ಬಾಗಿಲಲ್ಲಿ ನಿಂತು ಅವನ ಮಾತಿಗೆ ನಕ್ಕವರು ಇವರೇ ಅಲ್ಲವೆ? ನಾನು ಕೂಗಾಡುವ ಜಾತಿಯವನಲ್ಲ. ಮೇಜಿಗೆ ಬಂದು ಕೂತು ಪರದೆ ನೋಡಿದೆ. ಗುಡ್ಡದ ಟವರು ಹಸಿರಿತ್ತು.

ಸಂಶೋಧಕಿಗೆ ಫೋನ್ ಮಾಡಿದೆ. ವರದಿಯ ಆ ಸಾಲನ್ನು ಎರಡು ಸಲ ಓದಿಸಿಕೊಂಡರು. ಆಮೇಲೆ, "ಇದು ಒಂದು ಗುಂಪಿನ ಒಲವು ಹೇಗಿದೆ ಅಂತ ಹೇಳೋ ಅಳತೆ. ಒಬ್ಬ ಮನುಷ್ಯ ಒಂದು ದಿನ ಯಾಕೆ ಹೀಗೆ ಮಾಡಿದ ಅಂತ ಇದರಿಂದ ಹೇಳೋಕೆ ಬರಲ್ಲ," ಎಂದರು.

"ಹಾಗಂತ ಬರೆದು ಕೊಡಿ."

"ನನ್ನನ್ನ ಕೆಲಸಕ್ಕೆ ಕರೆದವರು ನಿಮ್ಮ ಕಂಪನಿಯವರು. ಮೇಲಿನವರನ್ನ ಕೇಳಬೇಕು. ಎರಡನೇ ಸುತ್ತಿಗೆ ಬರ್ತೀನಲ್ಲ, ಆಗ ಮಾತಾಡೋಣ."

ಎರಡನೆಯ ಸುತ್ತು ಎಂಬುದೂ ಒಂದಿತ್ತು. ಅವಘಡದ ನಂತರ ತಂಡದ ಚೇತರಿಕೆ ಹೇಗಿದೆ ಎಂದು ಅಳೆಯಬೇಕಂತೆ. ಓದುವವನು ಮತ್ತೆ ನಾನೇ. ಬರುವುದಿಲ್ಲ ಎಂದು ಹೇಳುವ ಮನಸ್ಸಾಗಿತ್ತು. ಆದರೆ ನಾನು ಓದದಿದ್ದರೆ ಮ್ಯಾನೇಜರೇ ಓದುತ್ತಾರೆ, ಹಾಳೆ ತುಂಬುತ್ತದೆ, ಸಾಲು ಉಳಿಯುತ್ತದೆ. ಹಾಗಾಗಿ ಮೊದಲ ಸುತ್ತಿನ ಪ್ರಶ್ನಾವಳಿಯನ್ನು ತೆಗೆದು ಕೂತೆ. ಕನ್ನಡ ಮಾಡುವಾಗ ಪದಗಳನ್ನು ನೋಡಿದ್ದೆ. ಈ ಸಲ ಅಂಕ ಹೇಗೆ ಬೀಳುತ್ತದೆ ಎಂದು ನೋಡಿದೆ. ಸಹಾಯ ಬರುವ ತನಕ ಕಾಯುವ ವಾಕ್ಯಕ್ಕೆ ಬಂದು ನಿಂತೆ. ಅಂದು ಗುಡ್ಡದ ಮೇಲೆ ಭಾವನ ಜೊತೆ ಒಬ್ಬನಿದ್ದು, ಅವನು ಮೇನ್ ಬಂದ್ ಮಾಡಿ ಬರುವ ತನಕ ಭಾವ ಪೆಟ್ಟಿಗೆ ಮುಟ್ಟದೆ ಕಾದಿದ್ದರೆ, ಮನೆಗೆ ಬರುತ್ತಿದ್ದ. ಹಾಗೆ ಕಾಯುತ್ತೇನೆ ಎಂದು ಉತ್ತರಿಸಿದ್ದರೆ ಅವನ ಛಲದ ಅಂಕ ಕಡಿಮೆಯಾಗುತ್ತಿತ್ತು.

ಆಗ ಏನು ಮಾಡಬೇಕು ಎಂಬುದು ಹೊಳೆಯಿತು. ಮೊದಲ ಸುತ್ತಿನಲ್ಲಿ ಸಂಶೋಧಕಿಯೇ ಹೇಳಿದ್ದರು: ಒಂದು ವಾಕ್ಯ ಖಾಲಿ ಬಿಟ್ಟರೂ ಆ ಭಾಗದ ಮೊತ್ತ ಹಾಕಲು ಬರುವುದಿಲ್ಲ, ಬಿಡಲು ಕೊಡಬೇಡಿ, ಆದರೆ ಒತ್ತಾಯವನ್ನೂ ಮಾಡಬೇಡಿ.

ಒಬ್ಬೊಬ್ಬ ತಂತ್ರಜ್ಞನಿಗೂ ಫೋನ್ ಮಾಡಿದೆ. ಗುಡ್ನಾಪುರದ ಹಿರಿಯರು ಪೂರ್ತಿ ಕೇಳಿಸಿಕೊಂಡರು. "ಕೆಲಸಕ್ಕ ಸಂಚಕಾರ ಬಂದೀತಲ್ರೀ?" ಎಂದರು. ಬರಬಹುದು ಎಂದೆ. "ನನ್ನ ಜೋಡಿ ಇದ್ದಾವನ್ನ ತೆಗೆದ ದಿನಾನ ನಾ ಕೇಳಬೇಕಿತ್ತು," ಎಂದು ಫೋನ್ ಇಟ್ಟರು. ಬರುತ್ತಾರೋ ಇಲ್ಲವೋ ತಿಳಿಯಲಿಲ್ಲ.

ಸುತ್ತಿನ ದಿನ ಅವರು ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದರು. ಸಂಶೋಧಕಿ ಒಳಗೆ ಬಂದಾಗ ಎದ್ದು ಕುರ್ಚಿ ಬಿಟ್ಟುಕೊಟ್ಟರು. "ಬರ್ರಿ ಮೇಡಂ, ಕುಂದರ್ರಿ. ಈ ಸಲ ಏನ್ ಅಳೀತೀರಿ? ಯಾರ್ ಎಷ್ಟ್ ದಿನ ಅತ್ರು ಅನ್ನೂದನ್ನ?"

ಯಾರೂ ನಗಲಿಲ್ಲ. ಮ್ಯಾನೇಜರು ಈ ಸಲ ಬಾಗಿಲಲ್ಲಿ ನಿಲ್ಲದೆ ಒಳಗೇ ಕೂತಿದ್ದರು. ನಾನು ಓದಲು ಶುರು ಮಾಡಿದೆ. ಭರವಸೆಯ ಭಾಗ ಬಂದಾಗ ಹಾಳೆಯನ್ನು ಕೆಳಗಿಟ್ಟೆ.

"ಇದನ್ನ ನಾನು ಓದೋದಿಲ್ಲ. ಹೋದ ಸಲ ಓದಿದ್ದು ಸುಳ್ಳಾಯ್ತು," ಎಂದೆ. ಸಂಶೋಧಕಿ ತಲೆ ತಗ್ಗಿಸಿದರು. ಉಳಿದ ವಾಕ್ಯಗಳನ್ನು ಓದಿದೆ. ಒಬ್ಬೊಬ್ಬರೂ ಗುರುತು ಹಾಕಿದರು. ಕಾಯುವ ವಾಕ್ಯ ಬಂತು. ಓದಿದೆ. ಪೆನ್ನುಗಳು ಮೇಜಿನ ಮೇಲೆ ಇಳಿದವು.

"ಹಾಕ್ರಪ್ಪಾ," ಎಂದರು ಮ್ಯಾನೇಜರು.

"ಏನ್ ಹಾಕೂದ್ರಿ ಸರ್?" ಹಿರಿಯರು ಕೇಳಿದರು. "ಕಾಯ್ತೀನಿ ಅಂದ್ರ ಛಲ ಇಲ್ಲ ಅಂತೀರಿ. ಕಾಯೂದಿಲ್ಲ ಅಂದ್ರ, ಸತ್ತ ಮ್ಯಾಲ ತಾನಾಗೇ ಹೋದ ಅಂತೀರಿ. ಮೊದ್ಲ ಕಾಯಾಕ ಒಬ್ಬನ್ನ ಕೊಡ್ರಿ. ಆಮೇಲೆ ಉತ್ತರ ಹಾಕ್ತೀವಿ."

ಮ್ಯಾನೇಜರು ನನ್ನ ಕಡೆ ತಿರುಗಿದರು. "ಇದು ನಿನ್ನ ಕೆಲಸ."

"ಹೌದು ಸರ್," ಎಂದೆ. ಸಂಶೋಧಕಿಯನ್ನು ನೋಡಿ, "ಮೇಡಂ, ಹೋದ ಸಲ ಭಾವ ಈ ವಾಕ್ಯಕ್ಕೆ ಒಪ್ಪುವುದಿಲ್ಲ ಅಂತ ಹೇಳ್ಲಿಲ್ಲ. ಕಾಯೋದಕ್ಕೆ ಯಾರಿದ್ದಾರೆ ಅಂತ ಕೇಳಿದ. ನೀವೂ ಕೇಳಿಸಿಕೊಂಡ್ರಿ, ಸರ್ರೂ ನಕ್ಕರು. ನಿಮ್ಮ ಐದು ಉತ್ತರದಲ್ಲಿ ಅದಕ್ಕೆ ಜಾಗ ಇರಲಿಲ್ಲ. ಅದಕ್ಕೇ ನಾನು ಹತ್ತಿರದ್ದಕ್ಕೆ ಹಾಕಿದೆ," ಎಂದೆ.

ಜೊತೆಗೆ ಜನ ಇರುತ್ತಾರೆಯೇ ಎಂಬ ವಾಕ್ಯವನ್ನು ಸೇರಿಸಬಹುದೇ ಎಂದೂ ಕೇಳಿದೆ. ಅದು ಮನಸ್ಸಿನ ಗುಣವಲ್ಲ, ಕೆಲಸದ ಸ್ಥಿತಿ, ಈ ಮಾಪನದಲ್ಲಿ ಬರುವುದಿಲ್ಲ ಎಂದರು ಸಂಶೋಧಕಿ. ಹೇಳಿ ಮುಗಿಸಿದ ಮೇಲೆ ತಮ್ಮ ಮಾತು ತಮಗೇ ಕೇಳಿಸಿದವರ ಹಾಗೆ ಪೆನ್ನು ಕೈಗೆತ್ತಿಕೊಂಡರು. ಆಮೇಲೆ ಹಾಳೆಗಳನ್ನು ಒಟ್ಟು ಮಾಡಿ, ಪ್ರತಿಯೊಂದರಲ್ಲೂ ಆ ಖಾಲಿ ಜಾಗಕ್ಕೆ ಸುತ್ತು ಹಾಕಿ, ಪಕ್ಕದಲ್ಲಿ ಏನೋ ಬರೆದುಕೊಂಡರು. ಮ್ಯಾನೇಜರು ಹಾಳೆ ಕೊಡಿ ಎಂದಾಗ ಚೀಲದಲ್ಲಿ ಹಾಕಿ ಬಾಯಿ ಕಟ್ಟಿದರು. "ಈ ಸಲ ಇವು ನನ್ನ ಹತ್ರವೇ ಇರ್ತವೆ ಸರ್," ಎಂದರು.

ಅವರು ಮುಖ್ಯ ಕಚೇರಿಗೆ ಬರೆದರು. ಒಬ್ಬರ ಅಂಕವನ್ನು ಹೀಗೆ ಬಳಸಿದ್ದು ತಪ್ಪು, ಆ ವಾಕ್ಯಕ್ಕೆ ಮೃತರು ನೀಡಿದ ಉತ್ತರವನ್ನು ಅವರ ಸ್ವಭಾವವೆಂದು ಓದುವಂತಿಲ್ಲ, ಎರಡನೆಯ ಸುತ್ತಿನ ಛಲದ ಭಾಗಕ್ಕೆ ಮೊತ್ತ ಹಾಕಲಾಗದು ಎಂದು. ಅದರ ಪ್ರತಿಯನ್ನು ನನಗೂ ಕಳಿಸಿದರು. ಅದರ ಜೊತೆ ಒಂದೇ ಸಾಲು: ಮೊದಲೇ ಬರೆಯಬೇಕಿತ್ತು. 'ಮೊದಲು ಹೋಗಿ' ಎಂಬ ಬಾಯಿಮಾತಿನ ರೂಢಿಯನ್ನು ನಾವೆಲ್ಲ ಸಹಿ ಹಾಕಿ ಅಲ್ಲಿಗೇ ಬರೆದೆವು.

ನನ್ನನ್ನು ಪರದೆಯ ಮೇಜಿನಿಂದ ತೆಗೆದು ಡೀಸೆಲ್ ದಾಸ್ತಾನಿಗೆ ಹಾಕಿದರು. ಮ್ಯಾನೇಜರು ಅದೇ ಕುರ್ಚಿಯಲ್ಲಿದ್ದಾರೆ. ಟಿಕೆಟ್ ಓಡಿ ಹೋಗುವುದಿಲ್ಲ ಎಂಬ ಮಾತು ಮಾತ್ರ ಸಭೆಯಲ್ಲಿ ಈಗ ಕೇಳುವುದಿಲ್ಲ. ಟಿಕೆಟ್ ಬಾರದೆ ನಮ್ಮವರು ಬೈಕ್ ಹತ್ತುವುದಿಲ್ಲ, ಊರವರು ಎಷ್ಟು ಬೈದರೂ.

ಗಟ್ಟಿ ಮಳೆ ಕಳೆದ ಮೇಲೆ ತಿದ್ದಿದ ವರದಿ ಬಂತು. ಹೇರೂರಿಗೆ ನಾನೇ ಒಯ್ದೆ. ಅಕ್ಕ ಬೆರಳಿಟ್ಟು ಓದಿದಳು. ಸ್ವಭಾವದ ಸಾಲು ಇರಲಿಲ್ಲ. ರೂಢಿಯಲ್ಲಿದ್ದ ಮೌಖಿಕ ಸೂಚನೆಯಂತೆ ಕೆಲಸಕ್ಕೆ ಹೋಗಿದ್ದರು ಎಂದಿತ್ತು. ಅವಳು ಅದನ್ನು ಮಡಿಸಿದಳು. ಮೊದಲಿನದನ್ನು ಒಲೆಗೆ ಹಾಕಿದಳು.

"ಈಗ ಆ ಗುಡ್ಡಕ್ಕೆ ಯಾರು ಹೋಗ್ತ?" ಎಂದು ಕೇಳಿದಳು.

ಹೊಸಬನೊಬ್ಬ ಬಂದಿದ್ದಾನೆ ಎಂದೆ. ಸ್ವಿಚ್ಚಿನ ಪೆಟ್ಟಿಗೆಗೆ ಹೊಸ ರಬ್ಬರು ಹಾಕಿದ್ದಾರೆ ಎಂದೂ ಹೇಳಿದೆ.

"ಜೊತಿಗೆ?"

ಜೊತೆಗೆ ಯಾರೂ ಇಲ್ಲ. ಎರಡನೆಯವನನ್ನು ಇನ್ನೂ ಕೊಟ್ಟಿಲ್ಲ.